‘ಹಕ್ಕಿಜ್ವರ ಅಲ್ಲ’ ಎಂದಾದರೆ ಮತ್ತೇನು? ಕಡಲಹಕ್ಕಿಗಳ ಸಾವಿನ ತನಿಖೆ ಕುರಿತು ಕೊಡಗಿನಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಅರಣ್ಯ, ಜೀವಿಪರಿಸ್ಥಿತಿ ಮತ್ತು ಪರಿಸರ ಇಲಾಖೆ, ಪಶುಸಂಗೋಪನೆ ಮತ್ತು ಪಶುವೈದ್ಯಕೀಯ ಸೇವೆಗಳ ಇಲಾಖೆ ಹಾಗೂ ಮೀನುಗಾರಿಕೆ ಇಲಾಖೆಗಳ ಮಾನ್ಯ ಸಚಿವರಿಗೆ ಮತ್ತು ಹಿರಿಯ ಅಧಿಕಾರಿಗಳಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಕಡಲಹಕ್ಕಿಗಳೂ ನೀರಹಕ್ಕಿಗಳೂ ಗುಂಪಾಗಿ ಸತ್ತಾಗ ಅದರ ಕಾರಣವನ್ನು ಕೊನೆಯವರೆಗೆ ಹುಡುಕಿ ಜನರಿಗೆ ತಿಳಿಸುವ ವ್ಯವಸ್ಥೆಯ ಬಗ್ಗೆ.

ಮಾನ್ಯರೇ,

ನಾನು ಭಾಗಮಂಡಲದ ಕಡೆಯ ಒಬ್ಬ ಸಣ್ಣ ಕಾಫಿ ಬೆಳೆಗಾರ. ಕಡಲ ತೀರದಲ್ಲಿ ಹುಟ್ಟಿದವನಲ್ಲ, ಪಕ್ಷಿಶಾಸ್ತ್ರವನ್ನು ಓದಿದವನೂ ಅಲ್ಲ. ಕಡಲಹಕ್ಕಿಗಳ ವಿಚಾರವಾಗಿ ಕೊಡಗಿನಿಂದ ಪತ್ರ ಬರುವುದು ತಮಗೆ ವಿಚಿತ್ರವಾಗಿ ಕಂಡೀತು ಎಂಬುದು ನನಗೆ ಗೊತ್ತಿದೆ. ಆದ್ದರಿಂದ ಈ ಪತ್ರ ಬರೆಯುವಂತೆ ಮಾಡಿದ ಸಂಗತಿಯನ್ನೇ ಮೊದಲು ಹೇಳುತ್ತೇನೆ.

ಕಳೆದ ಕಕ್ಕಡ ಮಾಸದಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿನಲ್ಲಿ, ಮೂರು ದಿನ ಬಿಡದೆ ಬೀಸಿದ ಗಾಳಿಮಳೆ ತುಸು ತಗ್ಗಿದ ಒಂದು ಬೆಳಿಗ್ಗೆ, ತೋಟದ ಕೆಳಗಿನ ಗದ್ದೆಯ ಬದುವಿನ ಮೇಲೆ, ನಮ್ಮ ಊರಿನ ಯಾವ ಹಕ್ಕಿಯನ್ನೂ ಹೋಲದ ಒಂದು ಹಕ್ಕಿ ರೆಕ್ಕೆ ಹರಡಿಕೊಂಡು ಕುಳಿತಿತ್ತು. ಬೆನ್ನು ಕಡುಕಪ್ಪು, ಹೊಟ್ಟೆ ಅಚ್ಚ ಬಿಳುಪು, ಹಣೆಯ ಮೇಲೆ ಬಿಳಿಯ ಮಚ್ಚೆ, ಕತ್ತರಿಯಂತೆ ಸೀಳಿದ ಬಾಲ, ಬಾತಿನ ಕಾಲಿನಂತೆ ಜಾಲವಿರುವ ಪಾದ. ಹತ್ತಿರ ಹೋದರೂ ಅದು ಹಾರಲಿಲ್ಲ. ಕಾಲಿಗೆ ಹತ್ತಿದ್ದ ಜಿಗಣೆಗಳನ್ನು ಕೊಡವಿಕೊಳ್ಳುವ ಶಕ್ತಿಯೂ ಅದಕ್ಕೆ ಉಳಿದಿರಲಿಲ್ಲ. ಗೋಣಿಚೀಲದಲ್ಲಿ ಸುತ್ತಿ ಒಲೆಯ ಬಳಿ ಬೆಚ್ಚಗಿಟ್ಟೆವು. ಕತ್ತಲಾಗುವ ಮೊದಲೇ ಅದು ಸತ್ತಿತು. ಎದೆಯ ಮೂಳೆ ಕತ್ತಿಯ ಅಲಗಿನಂತೆ ಕೈಗೆ ಚುಚ್ಚುತ್ತಿತ್ತು, ಅದರ ಎರಡೂ ಕಡೆ ಮಾಂಸವೇ ಇರಲಿಲ್ಲ. ಹಕ್ಕಿಗಳನ್ನು ಬಲ್ಲ ಗೆಳೆಯರಿಗೆ ಚಿತ್ರ ಕಳುಹಿಸಿದಾಗ ಅದು ‘ಸೂಟಿ ಟರ್ನ್’ ಎಂಬ ಕಡಲ ರೀವ ಹಕ್ಕಿಯೆಂದು ತಿಳಿಯಿತು. ಮರಿ ಬಲಿತು ಗೂಡು ಬಿಟ್ಟ ಮೇಲೆ ವರ್ಷಗಟ್ಟಲೆ ನೆಲ ಮುಟ್ಟದೆ ತೆರೆದ ಕಡಲಿನ ಮೇಲೆಯೇ ಬದುಕುವ ಈ ಹಕ್ಕಿಗಳು ಲಕ್ಷದ್ವೀಪದ ಪಿಟ್ಟಿ ಎಂಬ ಪುಟ್ಟ ಮರಳುದಿಬ್ಬದಂಥ ಜಾಗಗಳಲ್ಲಿ ಮೊಟ್ಟೆಯಿಡುತ್ತವೆ.

ಅಂದು ಸಂಜೆ ನಾನು ಮಾಡಿದ ನಾಲ್ಕು ದೂರವಾಣಿ ಕರೆಗಳ ವಿವರ ಇಲ್ಲಿ ಬೇಡ, ಯಾವ ಕಚೇರಿಯ ಹೆಸರೂ ಬೇಡ. ಉತ್ತರಿಸಿದವರೆಲ್ಲರೂ ಸೌಜನ್ಯದಿಂದಲೇ ಮಾತನಾಡಿದರು. ಒಬ್ಬರು ಇದು ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದರು. ಇನ್ನೊಬ್ಬರು ಅಕ್ಕಪಕ್ಕದಲ್ಲಿ ಕೋಳಿಗಳು ಸತ್ತಿವೆಯೇ ಎಂದು ಕೇಳಿ, ಇಲ್ಲವೆಂದ ಮೇಲೆ ಹೂಳಿಬಿಡಿ ಎಂದರು. ಅದೇ ವಾರ ಕರಾವಳಿಯಲ್ಲಿರುವ ನನ್ನ ತಂಗಿ ಫೋನು ಮಾಡಿ, ತಮ್ಮ ಮನೆಯೆದುರಿನ ಕಡಲ ದಂಡೆಯಲ್ಲಿ ಒಂದೇ ನಡಿಗೆಯಲ್ಲಿ ಒಂಬತ್ತು ಸತ್ತ ಹಕ್ಕಿಗಳನ್ನು ಕಂಡೆನೆಂದೂ, ಯಾರೋ ಬಂದು ಎರಡನ್ನು ಒಯ್ದರೆಂದೂ ಹೇಳಿದಳು. ಕೆಲವು ದಿನಗಳ ನಂತರ ಅವಳಿಗೆ ಸಿಕ್ಕ ಉತ್ತರ ಇಷ್ಟೇ: “ಹಕ್ಕಿಜ್ವರ ಅಲ್ಲವಂತೆ.” ಅಲ್ಲಿಗೆ ವಿಷಯ ಮುಗಿಯಿತು.

ಅದು ಮುಗಿಯಬಾರದಿತ್ತು ಎಂದು ಹೇಳುವುದಕ್ಕಾಗಿಯೇ ಈ ಪತ್ರ.

ಮುಂಗಾರಿನ ಬಿರುಗಾಳಿಗೆ ಸಿಕ್ಕಿದ ಕಡಲಹಕ್ಕಿಗಳು ದಣಿದು ಪಡುವಣ ಕರಾವಳಿಗೆ, ಅಪರೂಪಕ್ಕೆ ಒಳನಾಡಿಗೂ ಬಂದು ಬೀಳುವುದು ಹೊಸತಲ್ಲ. ಹಿಂದಿನಿಂದಲೂ ನಡೆದುಬಂದಿರುವ ಪ್ರಕೃತಿಯ ಕ್ರಮವದು. ನನ್ನ ಗದ್ದೆಯ ಹಕ್ಕಿಯೂ, ತಂಗಿ ಕಂಡ ಒಂಬತ್ತು ಹಕ್ಕಿಗಳೂ ಹಾಗೆಯೇ ಸತ್ತಿರಬಹುದು. ನಾನು ಯಾರ ಮೇಲೂ ದೋಷ ಹೊರಿಸುತ್ತಿಲ್ಲ. ಆದರೆ ಗಾಳಿಯಿಂದಲೇ ಸತ್ತವು ಎಂದು ಹೇಳುವುದಕ್ಕೂ ಪರೀಕ್ಷೆ ಬೇಕು. ಹಕ್ಕಿಜ್ವರ ಅಲ್ಲವೆಂಬ ಮಾತು ಒಂದು ಬಾಗಿಲನ್ನು ಮುಚ್ಚುತ್ತದೆ. ಇನ್ನೂ ಏಳೆಂಟು ಬಾಗಿಲುಗಳು ತೆರೆದೇ ಇರುತ್ತವೆ. ಹಸಿವು, ಪಾಚಿಯ ನಂಜು, ಬಾಟುಲಿಸಂ ಎಂಬ ಬ್ಯಾಕ್ಟೀರಿಯದ ವಿಷ, ಕೀಟನಾಶಕ, ಎಣ್ಣೆ, ಪ್ಲಾಸ್ಟಿಕ್, ಜಂತುಹುಳು, ಬಲೆಗೆ ಸಿಕ್ಕಿ ಉಸಿರುಕಟ್ಟುವುದು, ಇವುಗಳಲ್ಲಿ ಯಾವುದರಿಂದ ಸತ್ತ ಹಕ್ಕಿಯೂ ದಂಡೆಯ ಮೇಲೆ ಬಿದ್ದಾಗ ನಮ್ಮಂಥವರ ಕಣ್ಣಿಗೆ ಒಂದೇ ರೀತಿ ಕಾಣುತ್ತದೆ: ಒದ್ದೆಯಾದ, ಬಡಕಲಾದ ಒಂದು ಮುದ್ದೆ.

ಪ್ರಾಣಿಗಳ ಸಾವನ್ನು ಬೆನ್ನಟ್ಟಿ ಕಾರಣ ಕಂಡುಹಿಡಿಯುವುದು ನಮ್ಮ ನಾಡಿಗೆ ಹೊಸ ವಿದ್ಯೆಯೇನೂ ಅಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸಾಯತೊಡಗಿದಾಗ, ಸುತ್ತಲ ಹಳ್ಳಿಯವರು ಆ ಸಾವಿಗೂ ತಮ್ಮನ್ನು ಕಾಡುತ್ತಿದ್ದ ಜ್ವರಕ್ಕೂ ನಂಟಿದೆಯೆಂದು ಮೊದಲೇ ಗುರುತಿಸಿದ್ದರು. ಅದಕ್ಕೆ ಮಂಗನ ಕಾಯಿಲೆ ಎಂದು ಹೆಸರಿಟ್ಟವರೂ ಅವರೇ. ಪುಣೆಯ ವೈರಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದರು. ಮಂಗಗಳು ಸಾಯುತ್ತಿರುವುದನ್ನು ಕಂಡು, ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳ ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೋ ಎಂದು ಅವರು ಮೊದಲು ಶಂಕಿಸಿದ್ದರು. ಅದು ಹಳದಿ ಜ್ವರವಲ್ಲವೆಂದು ತಿಳಿದ ದಿನ ಅವರು ಪೆಟ್ಟಿಗೆ ಕಟ್ಟಿಕೊಂಡು ಹಿಂದಿರುಗಿದ್ದರೆ ಏನಾಗುತ್ತಿತ್ತು? ಅವರು ಹಿಂದಿರುಗಲಿಲ್ಲ. ಸತ್ತ ಮಂಗಗಳಿಂದ, ಜ್ವರದ ರೋಗಿಗಳಿಂದ, ಕಾಡಿನ ಉಣುಗುಗಳಿಂದ ಮಾದರಿ ತೆಗೆದು, ಅದುವರೆಗೆ ಜಗತ್ತಿಗೇ ಗೊತ್ತಿಲ್ಲದಿದ್ದ ಒಂದು ವೈರಾಣುವನ್ನು ಗುರುತಿಸಿದರು. ಅದನ್ನು ಹರಡುವುದು ಉಣುಗು ಎಂಬುದನ್ನು ತೋರಿಸಿದರು. ಇಂದು ಮಲೆನಾಡಿನಲ್ಲಿ ಮಂಗ ಸತ್ತರೆ ಯಾರಿಗೆ ಹೇಳಬೇಕು, ಏನು ಮಾಡಬೇಕು ಎಂಬುದು ಆಶಾ ಕಾರ್ಯಕರ್ತೆಯರಿಗೂ ಗೊತ್ತಿರುವುದು ಆ ಹಠದ ಫಲ. ಹಕ್ಕಿಗಳ ವಿಷಯದಲ್ಲಿ ನಾನು ಕೇಳುತ್ತಿರುವುದೂ ಆ ಹಠವನ್ನೇ.

ರಾಜಸ್ಥಾನದ ಸಾಂಭರ್ ಸರೋವರದ ಸಂಗತಿಯನ್ನು ತಾವು ಬಲ್ಲಿರಿ. 2019ರ ನವೆಂಬರ್‌ನಲ್ಲಿ ಅಲ್ಲಿ ಸುಮಾರು 18,000 ವಲಸೆ ಹಕ್ಕಿಗಳು ಸತ್ತವು. ಮೊದಲ ದಿನಗಳಲ್ಲಿ ಊಹಾಪೋಹಗಳೇ ಹೆಚ್ಚು. ನೀರಿನ ಉಪ್ಪು ಎಂದರು, ವೈರಾಣು ಎಂದರು. ಭೋಪಾಲದ ರಾಷ್ಟ್ರೀಯ ಅತಿ ಭದ್ರತಾ ಪಶುರೋಗ ಸಂಸ್ಥೆ ಹಕ್ಕಿಜ್ವರವಿಲ್ಲವೆಂದು ತಿಳಿಸಿತು. ಅಲ್ಲಿಗೇ ಬಿಟ್ಟಿದ್ದರೆ ಸಾವು ಮುಂದುವರಿಯುತ್ತಿತ್ತು. ಬರೇಲಿಯ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ ಮುಂದುವರಿದು ಪರೀಕ್ಷಿಸಿ, ಕಾರಣ ಬಾಟುಲಿಸಂ ಎಂದು ಖಚಿತಪಡಿಸಿತು. ಗಾಳಿಯಾಡದ ಕೆಸರಿನಲ್ಲಿ, ಕೊಳೆಯುವ ಹೆಣದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯದ ವಿಷವದು. ಅದು ನರಗಳ ಸಂದೇಶವನ್ನು ತಡೆದು ಸ್ನಾಯುಗಳನ್ನು ಸಡಿಲಗೊಳಿಸುತ್ತದೆ. ಕತ್ತು ಎತ್ತಲಾಗದೆ ಹಕ್ಕಿ ಮೊಳಕಾಲಷ್ಟು ನೀರಿನಲ್ಲೂ ಮುಳುಗಿ ಸಾಯುತ್ತದೆ. ಸತ್ತ ಹಕ್ಕಿಯಲ್ಲಿ ಹುಟ್ಟುವ ಹುಳುಗಳಲ್ಲಿ ಆ ವಿಷ ತುಂಬಿಕೊಂಡಿರುತ್ತದೆ, ಆ ಹುಳುಗಳನ್ನು ತಿಂದ ಇನ್ನೊಂದು ಹಕ್ಕಿ ಸಾಯುತ್ತದೆ, ಅದರಲ್ಲಿ ಮತ್ತೆ ಹುಳುಗಳಾಗುತ್ತವೆ. ಕಾರಣ ಗೊತ್ತಾದ ಕೂಡಲೇ ಮದ್ದೂ ಗೊತ್ತಾಯಿತು: ಹೆಣಗಳನ್ನು ಬೇಗ ಎತ್ತಬೇಕು. ಈ ವಿಷ ಹಕ್ಕಿಯ ದೇಹವನ್ನು ಕೊಯ್ದು ನೋಡಿದರೆ ಕಣ್ಣಿಗೆ ಕಾಣುವಂಥ ಯಾವ ಗುರುತನ್ನೂ ಬಿಡುವುದಿಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು. ಕೊಯ್ದು ನೋಡಿ ಏನೂ ಕಾಣಲಿಲ್ಲ ಎಂದು ಬರೆದುಕೊಟ್ಟ ವರದಿಯನ್ನು ಆರೋಗ್ಯದ ಪ್ರಮಾಣಪತ್ರವೆಂದು ಓದಲಾಗದು.

ಕಡಲಿನ ಸಾವುಗಳು ಇದಕ್ಕಿಂತಲೂ ತೊಡಕಿನವು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ 2015ರ ಬೇಸಿಗೆಯಿಂದ 2016ರ ವಸಂತದವರೆಗೆ, ಕ್ಯಾಲಿಫೋರ್ನಿಯದಿಂದ ಅಲಾಸ್ಕದವರೆಗೆ, ಮರ್ ಎಂಬ ಕಪ್ಪು ಬಿಳುಪಿನ ಮುಳುಗು ಹಕ್ಕಿಗಳ ಸುಮಾರು 62,000 ಹೆಣಗಳು ದಡಕ್ಕೆ ಬಂದವು. ಪರೀಕ್ಷಿಸಿದ ಹಕ್ಕಿಗಳಲ್ಲಿ ಹೆಚ್ಚಿನವು ಹಸಿವಿನಿಂದ ಸತ್ತಿದ್ದವು. ಹಸಿವು ಎಂದು ಬರೆದು ಕಡತ ಮುಚ್ಚಬಹುದಿತ್ತು. ಆದರೆ ವಿಜ್ಞಾನಿಗಳು ಏಕೆ ಹಸಿವು ಎಂದು ಕೇಳಿದರು. ಆ ವರ್ಷಗಳಲ್ಲಿ ಈಶಾನ್ಯ ಪೆಸಿಫಿಕ್‌ನ ನೀರು ಹಿಂದೆಂದೂ ಕಾಣದಷ್ಟು ಬಿಸಿಯಾಗಿ ಬಹುಕಾಲ ಹಾಗೆಯೇ ಉಳಿದಿತ್ತು. ಬಿಸಿನೀರಿನಲ್ಲಿ ಸಣ್ಣ ಮೀನುಗಳು ಕಡಿಮೆಯಾದವು, ಇದ್ದವೂ ಸೊರಗಿದ್ದವು, ದೊಡ್ಡ ಮೀನುಗಳಿಗೆ ಬಿಸಿನೀರಿನಲ್ಲಿ ಹಸಿವು ಹೆಚ್ಚಾಗಿ ಅವೇ ಸಣ್ಣ ಮೀನುಗಳನ್ನು ತಿಂದು ಮುಗಿಸಿದವು. ದಿನಕ್ಕೆ ತನ್ನ ತೂಕದ ಅರ್ಧದಷ್ಟು ಮೀನು ತಿನ್ನಲೇಬೇಕಾದ, ಕೆಲವೇ ದಿನ ಉಪವಾಸವಿದ್ದರೂ ಸಾಯುವ ಆ ಹಕ್ಕಿಗೆ ಬದುಕಲು ದಾರಿಯಿರಲಿಲ್ಲ. ಸತ್ತ ಹಕ್ಕಿಗಳಲ್ಲಿ ಬಹುಪಾಲು ಕಡಲಲ್ಲೇ ಮುಳುಗುವುದರಿಂದ ನಿಜವಾದ ಸಂಖ್ಯೆ ಹತ್ತು ಲಕ್ಷದವರೆಗೂ ಇರಬಹುದೆಂದು 2020ರಲ್ಲಿ ಅಂದಾಜಾಯಿತು. ಗೂಡುಕಟ್ಟುವ ಬಂಡೆಗಳಲ್ಲಿ ವರ್ಷ ವರ್ಷವೂ ಎಣಿಕೆ ಮುಂದುವರಿಸಿದ್ದರಿಂದ, ಅಲಾಸ್ಕ ಒಂದರಲ್ಲೇ ಸುಮಾರು 40 ಲಕ್ಷ, ಅಂದರೆ ಅಲ್ಲಿನ ಮರ್‌ಗಳಲ್ಲಿ ಅರ್ಧದಷ್ಟು, ಅಳಿದುಹೋದವೆಂಬುದು 2024ರಲ್ಲಿ ತಿಳಿಯಿತು. ದಡದ ಹೆಣಗಳನ್ನು ಎಣಿಸಿದವರಲ್ಲಿ ಅನೇಕರು ವಿಜ್ಞಾನಿಗಳಲ್ಲ. ತಿಂಗಳಿಗೊಮ್ಮೆ ತಮಗೆ ವಹಿಸಿದ ದಂಡೆಯ ತುಂಡನ್ನು ನಡೆದು, ಸತ್ತ ಹಕ್ಕಿಗೆ ಅಳತೆ ಹಿಡಿದು ಚಿತ್ರ ತೆಗೆದು ಬರೆದಿಡುವ ಊರಿನ ಜನ.

ಅದೇ ಕ್ಯಾಲಿಫೋರ್ನಿಯದ ಮಾಂಟೆರೆ ಕೊಲ್ಲಿಯಲ್ಲಿ 1961ರ ಆಗಸ್ಟ್ 18ರ ನಸುಕಿನಲ್ಲಿ ಸಾವಿರಾರು ಶಿಯರ್‌ವಾಟರ್ ಎಂಬ ಕಡಲಹಕ್ಕಿಗಳು ದಿಕ್ಕುತಪ್ಪಿ ಮನೆಗಳಿಗೆ ಬಡಿದು, ತಿಂದ ಮೀನನ್ನು ಕಾರುತ್ತ ಬೀದಿಯಲ್ಲಿ ಬಿದ್ದವು. ಮಂಜಿನಿಂದ ದಾರಿ ತಪ್ಪಿರಬೇಕೆಂದು ಆಗ ಹೇಳಲಾಯಿತು. ಮೂವತ್ತು ವರ್ಷಗಳ ನಂತರ, 1991ರಲ್ಲಿ, ಅದೇ ಕೊಲ್ಲಿಯಲ್ಲಿ ಹೆಜ್ಜಾರ್ಲೆಗಳೂ (ಪೆಲಿಕನ್) ನೀರುಕಾಗೆಗಳೂ ಸತ್ತಾಗ, ಒಂದು ಬಗೆಯ ಸೂಕ್ಷ್ಮ ಪಾಚಿಯಲ್ಲಿ ಹುಟ್ಟುವ ಡೊಮೊಯಿಕ್ ಆಮ್ಲವೆಂಬ ನರವಿಷ ಸಣ್ಣ ಮೀನುಗಳ ಮೂಲಕ ಹಕ್ಕಿಗಳ ಹೊಟ್ಟೆ ಸೇರಿದ್ದು ಪತ್ತೆಯಾಯಿತು. ಆ ಬಳಿಕ ವಿಜ್ಞಾನಿಗಳು 1961ರ ಬೇಸಿಗೆಯಲ್ಲೇ ಅಲ್ಲಿನ ಕಡಲಿನಿಂದ ಸಂಗ್ರಹಿಸಿ ಕಾಪಿಟ್ಟಿದ್ದ ಪ್ಲವಕಗಳ, ಅಂದರೆ ನೀರಿನಲ್ಲಿ ತೇಲುವ ಅತಿಸಣ್ಣ ಜೀವಿಗಳ, ಮಾದರಿಯನ್ನು ತೆರೆದು ನೋಡಿದರು. ಅವುಗಳ ಹೊಟ್ಟೆಯಲ್ಲಿ ಅದೇ ವಿಷದ ಪಾಚಿ ತುಂಬಿತ್ತು. ಐವತ್ತು ವರ್ಷಗಳ ಪ್ರಶ್ನೆಗೆ 2012ರಲ್ಲಿ ಉತ್ತರ ಸಿಕ್ಕಿದ್ದು, ಅಂದು ಯಾರೋ ಒಬ್ಬರು ಒಂದಿಷ್ಟು ಕಡಲನ್ನು ಶೀಶೆಯಲ್ಲಿ ಹಿಡಿದು, ಚೀಟಿ ಅಂಟಿಸಿ, ಎಸೆಯದೆ ಇಟ್ಟಿದ್ದರಿಂದ. ಈ ಸಂಗತಿಯನ್ನು ಓದಿದ ರಾತ್ರಿ ನಾನು ಹೂಳಿದ ಹಕ್ಕಿಯ ನೆನಪಾಗಿ ಬಹಳ ಹೊತ್ತು ನಿದ್ರೆ ಬರಲಿಲ್ಲ.

ಪಾಚಿ ಕೊಲ್ಲುವುದಕ್ಕೆ ವಿಷವೇ ಬೇಕೆಂದೂ ಇಲ್ಲ. 2007ರಲ್ಲಿ ಮಾಂಟೆರೆಯಲ್ಲಿ, 2009ರಲ್ಲಿ ವಾಷಿಂಗ್ಟನ್ ಮತ್ತು ಆರೆಗನ್ ತೀರಗಳಲ್ಲಿ, ಇನ್ನೊಂದು ಪಾಚಿ ಕೊಳೆತು ಎದ್ದ ಸೋಪಿನಂಥ ನೊರೆ ಹಕ್ಕಿಗಳ ಗರಿಯ ಜಲನಿರೋಧಕ ಗುಣವನ್ನೇ ತೊಳೆದುಹಾಕಿತು. ಚಳಿನೀರು ಚರ್ಮಕ್ಕೆ ತಾಗಿ ಅವು ಮರಗಟ್ಟಿ ಸತ್ತವು. ನೋಡಿದವರಿಗೆ ಅದು ಎಣ್ಣೆ ಸೋರಿಕೆಯಂತೆ ಕಂಡಿತ್ತು, ಎಣ್ಣೆಯ ಹನಿಯೂ ಇರಲಿಲ್ಲ.

ಮೊದಲ ಶಂಕೆಯೇ ತಪ್ಪಾಗಬಹುದೆಂಬುದನ್ನು ನಮ್ಮ ರಣಹದ್ದುಗಳಿಗಿಂತ ಕಠೋರವಾಗಿ ಕಲಿಸಿದವರಿಲ್ಲ. 1990ರ ದಶಕದಲ್ಲಿ ಅವು ಕಣ್ಣೆದುರಿಗೇ ಇಲ್ಲವಾಗುತ್ತಿದ್ದಾಗ ಅಂಟುರೋಗವಿರಬೇಕೆಂದು ವರ್ಷಗಟ್ಟಲೆ ಹುಡುಕಾಟ ನಡೆಯಿತು. 2004ರಲ್ಲಿ, ಪಾಕಿಸ್ತಾನದಲ್ಲಿ ಸತ್ತ ಹದ್ದುಗಳ ಮೂತ್ರಪಿಂಡವನ್ನು ಪರೀಕ್ಷಿಸಿದವರು, ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಮದ್ದೇ ಕಾರಣವೆಂದು ತೋರಿಸಿದರು. 2006ರಲ್ಲಿ ಭಾರತ ಅದರ ಪಶು ಬಳಕೆಯನ್ನು ನಿಷೇಧಿಸುವ ಹೊತ್ತಿಗೆ ಮೂರು ಜಾತಿಯ ಹದ್ದುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಅಳಿದಿದ್ದವು. ರಾಮನಗರದ ರಾಮದೇವರ ಬೆಟ್ಟದ ಬಂಡೆಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಹದ್ದುಗಳನ್ನು ದುರ್ಬೀನಿನಲ್ಲಿ ನೋಡುವಾಗ, ಆ ವರದಿ ಹತ್ತು ವರ್ಷ ಮೊದಲೇ ಬಂದಿದ್ದರೆ ಎಂಬ ಯೋಚನೆ ಬಾರದೆ ಇರುವುದಿಲ್ಲ.

ನಮ್ಮ ರಾಜ್ಯದಲ್ಲೂ ಒಳ್ಳೆಯ ಕೆಲಸ ಆಗಿಲ್ಲವೆಂದಲ್ಲ. 2017ರ ಜನವರಿಯಲ್ಲಿ ಮೈಸೂರು ಮೃಗಾಲಯದಲ್ಲಿ ಹಕ್ಕಿಗಳು ಸತ್ತಾಗ ಮಾದರಿ ಕೂಡಲೇ ಭೋಪಾಲಕ್ಕೆ ಹೋಗಿ, ಹಕ್ಕಿಜ್ವರ ಖಚಿತವಾಗಿ, ಮೃಗಾಲಯವನ್ನು ಒಂದು ತಿಂಗಳು ಮುಚ್ಚಿ ಸೋಂಕನ್ನು ತಡೆಯಲಾಯಿತು. ಅದೇ ವರ್ಷದ ಕೊನೆಯಿಂದ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದೊಂದಾಗಿ ಮರದಿಂದ ಉರುಳತೊಡಗಿದಾಗ, ಅವುಗಳ ಹೊಟ್ಟೆಯಲ್ಲಿ ಮೀನಿನ ಮೂಲಕ ಸೇರಿದ ಜಂತುಹುಳುಗಳು ಕಂಡುಬಂದವು. ಹಕ್ಕಿಗಳನ್ನು ಹೆಣ್ಣುಮಕ್ಕಳಂತೆ ಸಾಕಿಕೊಂಡು ಬಂದ ಆ ಊರಿಗೆ ಅಷ್ಟಾದರೂ ಉತ್ತರ ಸಿಕ್ಕಿತಲ್ಲ ಎಂಬ ಸಮಾಧಾನ ನನಗಿದೆ. ಆದರೆ ಹೆಜ್ಜಾರ್ಲೆಯ ಹೊಟ್ಟೆಯಲ್ಲಿ ಜಂತುಹುಳು ಇರುವುದು ಸಾಮಾನ್ಯ. ಅದು ಆ ವರ್ಷವೇ ಕೊಲ್ಲುವಷ್ಟು ಏಕೆ ಹೆಚ್ಚಿತು, ಅವು ಮೀನು ಹಿಡಿಯುವ ಕೆರೆಗಳ ನೀರಿಗೆ ಏನಾಗಿತ್ತು ಎಂಬುದು ಅದರ ಹಿಂದಿನ ಪ್ರಶ್ನೆ. ಕೊಂದದ್ದು ಯಾವುದು ಎಂಬುದು ಒಂದು, ಕೊಲ್ಲುವ ಸ್ಥಿತಿಗೆ ತಂದದ್ದು ಯಾವುದು ಎಂಬುದು ಇನ್ನೊಂದು. ಎರಡನೆಯದನ್ನು ಕೇಳುವ ಹೊಣೆ ಯಾವ ಇಲಾಖೆಯದೆಂದು ಎಲ್ಲಿಯೂ ಬರೆದಂತಿಲ್ಲ.

ಇನ್ನು ನಮ್ಮ ಕಡಲಿನ ಮಾತು. 2025ರ ಮೇ 25ರಂದು ಕೊಚ್ಚಿಯಾಚೆ ಎಂಎಸ್‌ಸಿ ಎಲ್ಸಾ 3 ಎಂಬ ಹಡಗು 640 ಕಂಟೇನರ್‌ಗಳೊಂದಿಗೆ ಮುಳುಗಿತು. ಇಂಧನವನ್ನೂ ಅಪಾಯಕಾರಿ ಸರಕನ್ನೂ ಹೊತ್ತಿದ್ದ ಆ ಹಡಗಿನಿಂದ ಹೊರಬಿದ್ದ ಸಾಸಿವೆ, ಹೆಸರುಕಾಳಿನ ಗಾತ್ರದ ಬಿಳಿಯ ಪ್ಲಾಸ್ಟಿಕ್ ಮಣಿಗಳು ಕೇರಳದ ದಂಡೆಗಳನ್ನು ತುಂಬಿದವು. ಎರಡೇ ವಾರಗಳ ನಂತರ, ಜೂನ್ 9ರಂದು, ವಾನ್ ಹೈ 503 ಎಂಬ ಇನ್ನೊಂದು ಹಡಗಿಗೆ ಉತ್ತರ ಕೇರಳದ ಆಚೆಯ ಕಡಲಿನಲ್ಲಿ ಬೆಂಕಿ ಬಿತ್ತು. ಪ್ರತಿ ಮುಂಗಾರಿನಲ್ಲಿ ಡಾಂಬರಿನ ಉಂಡೆಗಳು ನಮ್ಮ ಕರಾವಳಿಯ ಮರಳನ್ನು ಸೇರುವುದು ಅಲ್ಲಿನವರಿಗೆಲ್ಲ ಗೊತ್ತು. ಇಂಥ ಮಳೆಗಾಲದಲ್ಲಿ ದಡಕ್ಕೆ ಬಿದ್ದ ಹಕ್ಕಿಯ ಹೊಟ್ಟೆಯಲ್ಲಿ ಮಣಿಗಳಿದ್ದವೇ, ಗರಿಯಲ್ಲಿ ಎಣ್ಣೆಯಿತ್ತೇ, ಅಥವಾ ಅದು ಗಾಳಿಗೇ ಸೋತಿತ್ತೇ ಎಂದು ಕೇಳಿದರೆ ಹೋಲಿಸಲು ನಮ್ಮ ಕೈಯಲ್ಲಿ ಲೆಕ್ಕ ಬೇಕು. ಕಾರವಾರದಿಂದ ತಲಪಾಡಿಯವರೆಗೆ ಮಾಮೂಲಿ ವರ್ಷದ ಜುಲೈಯಲ್ಲಿ ಒಂದು ಕಿಲೋಮೀಟರ್ ದಂಡೆಗೆ ಎಷ್ಟು ಹಕ್ಕಿಗಳು ಸತ್ತು ಬೀಳುತ್ತವೆ ಎಂಬ ಲೆಕ್ಕವಿಲ್ಲದೆ, ಈ ವರ್ಷ ಹೆಚ್ಚೋ ಕಡಿಮೆಯೋ ಎಂದು ಯಾವ ವಿಜ್ಞಾನಿಯೂ ಹೇಳಲಾರರು.

ಇದರಲ್ಲಿ ಕೊಡಗಿಗೇನು ಕೆಲಸ ಎಂದು ತಾವು ಕೇಳಬಹುದು. ಕೊಡಗಿನ ನೀರೆಲ್ಲವೂ ಕಾವೇರಿಯಾಗಿ ಮೂಡಣಕ್ಕೆ ಹೋಗುವುದಿಲ್ಲ. ಬ್ರಹ್ಮಗಿರಿಯ ಬರಪೊಳೆ ಮಾಕುಟ್ಟದ ಕಾಡುಗಳನ್ನು ದಾಟಿ ಕಣ್ಣೂರಿನ ವಳಪಟ್ಟಣಂ ಹೊಳೆಯನ್ನು ಸೇರಿ ಅರಬ್ಬಿ ಕಡಲಿಗೆ ಬೀಳುತ್ತದೆ. ಪಯಸ್ವಿನಿ ಸುಳ್ಯದ ಮೇಲೆ ಹರಿದು ಕಾಸರಗೋಡಿನಲ್ಲಿ ಚಂದ್ರಗಿರಿಯಾಗುತ್ತದೆ. ಪುಷ್ಪಗಿರಿಯ ನೀರು ಕುಮಾರಧಾರೆಯಾಗಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿನ ಅಳಿವೆಗೆ ಇಳಿಯುತ್ತದೆ. ಕಾಂಡಕೊರಕಕ್ಕೆಂದು ನಾವು ಹೊಡೆಯುವ ಔಷಧಿ, ಎಲೆ ತುಕ್ಕು ರೋಗಕ್ಕೆಂದು ಸಿಂಪಡಿಸುವ ಬೋರ್ಡೋ ದ್ರಾವಣದ ತಾಮ್ರ, ಕೊಯ್ಲಿನ ಕಾಲದಲ್ಲಿ ಹಣ್ಣು ಪಲ್ಪ್ ಮಾಡಿದ ಹುಳಿನೀರು, ಇವೆಲ್ಲ ಇಳಿಜಾರಿನ ದಾರಿ ಹಿಡಿದೇ ಹೋಗುತ್ತವೆ. ಪಲ್ಪಿಂಗ್ ನೀರು ತೋಡಿಗೆ ಬಿಟ್ಟಾಗ ಮೀನುಗಳು ಉಸಿರಿಗಾಗಿ ಮೇಲೆ ಬಂದು ಸಾಯುವುದನ್ನು ನಾನೇ ಕಂಡಿದ್ದೇನೆ. ತನಿಖೆಯ ದಾರಿ ನಮ್ಮ ತೋಟಗಳ ಕಡೆಗೇ ಬಂದರೂ ಅದು ಬರಬೇಕು. ನಾವು ಬಾಗಿಲು ತೆರೆದು ನೀರಿನ ಮಾದರಿ ಕೊಡಬೇಕು. ಇದನ್ನು ನನ್ನ ಜೊತೆಯ ಬೆಳೆಗಾರರೂ ಓದಲೆಂದೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕೇಳುತ್ತಿರುವುದು ಹೊಸ ಕಟ್ಟಡವನ್ನಲ್ಲ. ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯ ಪ್ರಯೋಗಾಲಯವಿದೆ. ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯವಿದೆ. ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರಗಳು ಮಂಗಳೂರು, ಕಾರವಾರಗಳಲ್ಲಿವೆ. ನಮ್ಮ ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ. ಹಕ್ಕಿಗಳ ದೇಹದಲ್ಲಿನ ಕೀಟನಾಶಕವನ್ನು ಅಳೆದು ಪಳಗಿದ ಸಲೀಂ ಅಲಿ ಪಕ್ಷಿಶಾಸ್ತ್ರ ಕೇಂದ್ರ ಕೊಯಮತ್ತೂರಿನಲ್ಲಿದೆ. ಕಡಲಿನ ಪಾಚಿಯ ಮೇಲೆ ಉಪಗ್ರಹದ ಕಣ್ಣಿಟ್ಟಿರುವ ಸಂಸ್ಥೆ ಹೈದರಾಬಾದಿನಲ್ಲಿದೆ. ಇವನ್ನೆಲ್ಲ ಒಂದು ಸತ್ತ ಹಕ್ಕಿಯೊಂದಿಗೆ ಜೋಡಿಸುವ ಮೊದಲ ಕೊಂಡಿ ಇಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಸತ್ತ ಕಾಡುಹಕ್ಕಿಯೂ ಸರ್ಕಾರದ ಸ್ವತ್ತು. ಅದು ಕೈಗೆ ಬಂದವನು 48 ಗಂಟೆಗಳೊಳಗೆ ತಿಳಿಸಬೇಕು. ಮಳೆಗಾಲದ ಸೆಕೆಯ ಕರಾವಳಿಯಲ್ಲಿ ಆ 48 ಗಂಟೆಗಳಲ್ಲೇ ಹೆಣ ಕೊಳೆತು ಅದರೊಳಗಿನ ಸಾಕ್ಷ್ಯವೂ ಹೋಗಿಬಿಡುತ್ತದೆ. ಆದ್ದರಿಂದ ಪ್ರತಿ ಜಿಲ್ಲೆಯಲ್ಲಿ ಒಬ್ಬ ಪಶುವೈದ್ಯರನ್ನು ಹೆಸರಿಟ್ಟು ನೇಮಿಸಬೇಕು. ಕರೆ ಬಂದ ದಿನವೇ ಅವರೋ ಅವರ ಸಹಾಯಕರೋ ಸ್ಥಳಕ್ಕೆ ಹೋಗುವಂತಾಗಬೇಕು. ಮೂರು ಇಲಾಖೆಗಳೂ ಅವರ ಮಾತಿಗೆ ಬದ್ಧವಾಗಿರಬೇಕು.

ಆ ಮೊದಲ ದಿನದ ಕೆಲಸ ಕಷ್ಟದ್ದಲ್ಲ, ಆದರೆ ಕ್ರಮ ತಪ್ಪಬಾರದು. ಕೈಗವಸು, ಮುಖಗವಸು ಇಲ್ಲದೆ ಯಾರೂ ಮುಟ್ಟಬಾರದು; 2022 ಮತ್ತು 2023ರಲ್ಲಿ ಪೆರು ದೇಶದ ತೀರದಲ್ಲಿ ಐದು ಲಕ್ಷಕ್ಕೂ ಹೆಚ್ಚು ಕಡಲಹಕ್ಕಿಗಳನ್ನೂ ಸಾವಿರಾರು ಕಡಲಸಿಂಹಗಳನ್ನೂ ಕೊಂದದ್ದು ಹಕ್ಕಿಜ್ವರವೇ ಆದ್ದರಿಂದ ಆ ಪರೀಕ್ಷೆ ಮೊದಲು ನಡೆಯಲೇಬೇಕು. ಹೂಳುವ ಮುನ್ನ ಎಣಿಸಬೇಕು, ಜಾತಿವಾರು ಬರೆಯಬೇಕು, ರೆಕ್ಕೆ, ಕೊಕ್ಕು, ಪಾದಗಳ ಚಿತ್ರ ತೆಗೆಯಬೇಕು. ತೀರ ಹೊಸದಾಗಿ ಸತ್ತ ಹಕ್ಕಿಗಳನ್ನು ಎರಡು ಚೀಲಗಳಲ್ಲಿ ಸುತ್ತಿ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ತಂಪಾಗಿಡಬೇಕೇ ಹೊರತು, ಒಂದೆರಡು ದಿನಗಳಲ್ಲಿ ಪ್ರಯೋಗಾಲಯ ಮುಟ್ಟುವಂತಿದ್ದರೆ ಹೆಪ್ಪುಗಟ್ಟಿಸಬಾರದು. ಹೆಪ್ಪುಗಟ್ಟಿದರೆ ಅಂಗಾಂಶದ ಕಣಗಳು ಒಡೆದು ಸೂಕ್ಷ್ಮದರ್ಶಕದಡಿ ನೋಡಲು ಏನೂ ಉಳಿಯುವುದಿಲ್ಲ. ಕೀಟನಾಶಕದ ಶಂಕೆಗೆ ಮಿದುಳು ಬೇಕು, ಲೋಹಗಳಿಗೆ ಪಿತ್ತಜನಕಾಂಗ ಮತ್ತು ಮೂತ್ರಪಿಂಡ ಬೇಕು, ಪಾಚಿಯ ನಂಜಿಗೆ ಜಠರದಲ್ಲಿರುವುದು ಬೇಕು, ಎಣ್ಣೆಗೆ ಗರಿ ಬೇಕು. ಹಕ್ಕಿ ಬಿದ್ದ ಜಾಗದ ನೀರೂ ಅದೇ ದಿನ ಒಂದು ಶೀಶೆ ತುಂಬಬೇಕು. ಎಲ್ಲ ಪರೀಕ್ಷೆಗೂ ಒಮ್ಮೆಗೇ ಹಣವಿಲ್ಲದಿದ್ದರೆ ಮಾದರಿಯನ್ನಾದರೂ ಕಾಪಿಡಬೇಕು.

ವರದಿ ಬಂದ ಮೇಲೆ, ಅದು ಏನೇ ಹೇಳಲಿ, ಕನ್ನಡದಲ್ಲಿ ಪ್ರಕಟವಾಗಬೇಕು. ಕಾರಣ ಸಿಗಲಿಲ್ಲವೆಂದಾದರೆ ಯಾವ ಯಾವ ಪರೀಕ್ಷೆ ಮಾಡಿ ಸಿಗಲಿಲ್ಲ ಎಂದು ಬರೆಯಬೇಕು. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದ ಮೇಲೆ ಸಿಗುವ ಉತ್ತರ ತಡವಾದ ಉತ್ತರ. ಜೊತೆಗೆ ಕರಾವಳಿಯ ಮೂರು ಜಿಲ್ಲೆಗಳಲ್ಲಿ ತಿಂಗಳಿಗೊಮ್ಮೆ ದಂಡೆ ನಡೆದು ಎಣಿಸುವ ಕೆಲಸಕ್ಕೆ ಕಾಲೇಜು ವಿದ್ಯಾರ್ಥಿಗಳನ್ನೂ ಮೊಗವೀರ, ಖಾರ್ವಿ ಕೇರಿಗಳ ಹಿರಿಯರನ್ನೂ ಕರೆಯಬೇಕು. ಕಡಲಿನಲ್ಲಿ ಮೀನು ಎಲ್ಲಿ ತಪ್ಪಿದೆ, ನೀರಿನ ಬಣ್ಣ ಎಂದು ಬದಲಾಯಿತು, ಯಾವ ಹಕ್ಕಿ ಈ ವರ್ಷ ದೋಣಿಯ ಹಿಂದೆ ಬರಲಿಲ್ಲ ಎಂಬುದು ಉಪಗ್ರಹಕ್ಕಿಂತ ಮೊದಲು ಅವರಿಗೆ ಗೊತ್ತಿರುತ್ತದೆ. ಕ್ಯಾಸನೂರಿನ ಹಳ್ಳಿಗರಿಗೆ ಗೊತ್ತಿದ್ದಂತೆ.

ನನ್ನ ಹಕ್ಕಿಯನ್ನು ಗದ್ದೆಯ ಮೇಲಿನ ಹಲಸಿನ ಮರದ ಬುಡದಲ್ಲಿ ಹೂಳಿದೆ. ಅದು ಯಾವುದರಿಂದ ಸತ್ತಿತೆಂದು ಇನ್ನು ಯಾರಿಗೂ ತಿಳಿಯುವಂತಿಲ್ಲ. ಈಗ ನಮ್ಮ ಮನೆಯಲ್ಲಿ ಒಂದು ಥರ್ಮಾಕೋಲ್ ಪೆಟ್ಟಿಗೆ, ಒಂದು ಕಟ್ಟು ಕೈಗವಸು, ಪ್ಲಾಸ್ಟಿಕ್ ಚೀಲ ಮತ್ತು ಚೀಟಿಗಳಿವೆ; ತಂಗಿಯ ಮನೆಯಲ್ಲೂ ಇವೆ. ಜೂನ್ ಮೊದಲ ವಾರ ಮುಂಗಾರು ಮತ್ತೆ ಬರುತ್ತದೆ. ಆ ಪೆಟ್ಟಿಗೆಯನ್ನು ನಾವು ತಂದು ಯಾರ ಕೈಗೆ ಕೊಡಬೇಕು ಎಂಬುದನ್ನು, ಜಿಲ್ಲೆವಾರು ಹೆಸರು ಮತ್ತು ದೂರವಾಣಿ ಸಂಖ್ಯೆಯೊಂದಿಗೆ, ಮೇ ತಿಂಗಳು ಮುಗಿಯುವುದರೊಳಗೆ ಪ್ರಕಟಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಭಾಗಮಂಡಲ ಕಡೆಯ ಒಬ್ಬ ಕಾಫಿ ಬೆಳೆಗಾರ,
ಕೊಡಗು ಜಿಲ್ಲೆ